ಮೊದಲು ಹಲಗೆಯೋ, ಪಕ್ಕೆಲುಬೋ?

ಕೊಲಂಬಸನ ‘ಸಾಂತಾ ಮರಿಯಾ’ ಹಡಗಿನ ಮರದ ಮಾದರಿಗೆ ಹವ್ಯಾಸಿಗಳ ಲೋಕದಲ್ಲಿ ಬೇಡಿಕೆ ಎಂದೂ ಕುಗ್ಗಿಲ್ಲ. ಹಲಗೆ, ದಾರ, ನಕ್ಷೆ ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಿಕೊಡುವ ಕಂಪನಿಗಳು ಅದನ್ನು ಬಗೆಬಗೆಯಾಗಿ ಮಾರುತ್ತವೆ. ತಮಾಷೆಯೆಂದರೆ ಆ ಹಡಗು ನೋಡಲು ಹೇಗಿತ್ತೆಂಬುದು ಯಾರಿಗೂ ಗೊತ್ತಿಲ್ಲ. ನಕ್ಷೆ ಉಳಿದಿಲ್ಲ, ಕಣ್ಣಾರೆ ಕಂಡವರು ಬರೆದ ಚಿತ್ರವಿಲ್ಲ. 1492ರ ಕ್ರಿಸ್‌ಮಸ್ ವೇಳೆಗೆ ಹಿಸ್ಪಾನಿಯೋಲಾ ದ್ವೀಪದ ದಂಡೆಯಲ್ಲಿ ಅದು ನೆಲಕಚ್ಚಿದಾಗ ಅದರ ಮರಗಳನ್ನೇ ಕಿತ್ತು ಕೋಟೆ ಕಟ್ಟಿಕೊಂಡರು. ನಾನೂರು ವರ್ಷ ತುಂಬಿದ ಸಂಭ್ರಮಕ್ಕೆ ಸ್ಪೇನ್ 1892ರಲ್ಲಿ ಅದರ ಪೂರ್ಣಗಾತ್ರದ ಪ್ರತಿಕೃತಿಯನ್ನು ಕಟ್ಟಿಸಿತು. ಅದು ಹೊಟ್ಟೆ ಉಬ್ಬಿದ, ಸರಕು ಹೊರುವ ಜಾತಿಯ ‘ನಾವೋ’ ಆಗಿತ್ತು. 1929ರ ಸೆವಿಲ್ ಪ್ರದರ್ಶನದ ಹೊತ್ತಿಗೆ ಮತ್ತೊಂದು ಸಾಂತಾ ಮರಿಯಾ ನೀರಿಗಿಳಿಯಿತು. ಈ ಸಲ ಅದು ಹಗುರ ಮೈಯ ‘ಕ್ಯಾರವೆಲ್’. ಅದೇ ದೇಶ, ಅದೇ ಹಡಗು, ಆದರೆ ಆಕಾರ ಬೇರೆ. ಎರಡನ್ನೂ ಕಟ್ಟಿಸಿದವರು ಆಯಾ ಕಾಲದ ವಿದ್ವಾಂಸರೇ.

ಹಾಗಾದರೆ ಐತಿಹಾಸಿಕ ಹಡಗಿನ ಮಾದರಿ ಕಟ್ಟುವವರು ನಿಜಕ್ಕೂ ಕಟ್ಟುವುದು ಏನನ್ನು? ಒಂದು ಅಭಿಪ್ರಾಯವನ್ನು ಎಂಬುದು ನನ್ನ ಉತ್ತರ. ಪುಸ್ತಕ ಬರೆಯುವ ಇತಿಹಾಸಕಾರ ತನಗೆ ತಿಳಿಯದ ಕಡೆ ‘ಬಹುಶಃ’ ಎಂದು ಬರೆದು ಮುಂದೆ ಹೋಗಬಹುದು. ಮಾದರಿ ಕಟ್ಟುವವನಿಗೆ ಆ ಸೌಲಭ್ಯವಿಲ್ಲ. ಕೂವೆಮರ ಇಲ್ಲಿ ನಿಲ್ಲಬೇಕು ಅಥವಾ ಅಲ್ಲಿ. ‘ಬಹುಶಃ’ ಎಂಬ ಕಡೆ ಯಾರೂ ತೂತು ಕೊರೆಯಲಾರರು. ಈ ಕೆಲಸವನ್ನು ಬರೀ ಕೈಚಳಕದ ಹವ್ಯಾಸ ಎಂದು ಬದಿಗಿಡಲಾಗದ್ದು ಇದೇ ಕಾರಣಕ್ಕೆ.

ಎಲ್ಲ ಹಡಗುಗಳ ಹಣೆಬರಹವೂ ಸಾಂತಾ ಮರಿಯಾದಷ್ಟು ಕೆಟ್ಟದ್ದಲ್ಲ. ಬ್ರಿಟಿಷ್ ನೌಕಾಪಡೆ 18ನೆಯ ಶತಮಾನದ ಹೊತ್ತಿಗೆ ಪ್ರತಿ ಹಡಗಿಗೂ ನಕ್ಷೆ ಬರೆಸಿ ಕಾಪಿಡುತ್ತಿತ್ತು. ಅವುಗಳ ದೊಡ್ಡ ರಾಶಿ ಗ್ರೀನಿಚ್‌ನ ರಾಷ್ಟ್ರೀಯ ಸಾಗರ ಸಂಗ್ರಹಾಲಯದಲ್ಲಿದೆ. ದಂಗೆಯಿಂದ ಹೆಸರಾದ ‘ಬೌಂಟಿ’ ಮೂಲತಃ ‘ಬೆಥಿಯಾ’ ಎಂಬ ವ್ಯಾಪಾರಿ ಹಡಗು. 1787ರಲ್ಲಿ ನೌಕಾಪಡೆ ಅದನ್ನು ಕೊಂಡು ಬ್ರೆಡ್‌ಫ್ರೂಟ್ ಸಸಿ ಸಾಗಿಸಲು ಒಳಗೆಲ್ಲ ಬದಲಾಯಿಸುವಾಗ ಅಳತೆ ಹಿಡಿದು ನಕ್ಷೆ ಮಾಡಿತು. ಇಲ್ಲದಿದ್ದರೆ ಬೌಂಟಿಯೂ ಊಹೆಯ ಹಡಗೇ ಆಗುತ್ತಿತ್ತು. ಡಾರ್ವಿನ್ ಹೋದ ‘ಬೀಗಲ್’ಗೆ ಈ ಅದೃಷ್ಟ ಪೂರ್ತಿ ಒಲಿಯಲಿಲ್ಲ. ಅದೇ ವರ್ಗದ ಸೋದರ ಹಡಗುಗಳ ನಕ್ಷೆ ಹಿಡಿದು, ಯಾನಕ್ಕಾಗಿ ಮಾಡಿದ ಮಾರ್ಪಾಡುಗಳನ್ನು ಬರಹಗಳಿಂದ ಹೆಕ್ಕಿ ಜೋಡಿಸಬೇಕು. ಸ್ವೀಡನ್ನಿನ ನೌಕಾಶಿಲ್ಪಿ ಚಾಪ್‌ಮನ್ 1768ರಲ್ಲಿ ತಂದ ‘ಆರ್ಕಿಟೆಕ್ಚುರಾ ನವಾಲಿಸ್ ಮರ್ಕಟೋರಿಯಾ’ದ 62 ಫಲಕಗಳು ಇವತ್ತಿಗೂ ಮಾದರಿಕಾರರ ಮೇಜಿನ ಮೇಲಿವೆ. ಫ್ರಾನ್ಸಿನ ಜಾನ್ ಬೂದ್ರಿಯೋ 1970ರ ದಶಕದಲ್ಲಿ 74 ತೋಪಿನ ಒಂದೇ ಒಂದು ಬಗೆಯ ಹಡಗಿಗೆ ನಾಲ್ಕು ಸಂಪುಟ ಬರೆದರು. ಮೊಳೆಯಿಂದ ಹಿಡಿದು ಅಡುಗೆ ಒಲೆಯವರೆಗೆ ಅದರಲ್ಲಿ ಇಲ್ಲದ್ದಿಲ್ಲ.

ನಕ್ಷೆಯೂ ಮುಳುಗುವುದುಂಟು. ಬೊಂಬಾಯಿಯ ವಾಡಿಯಾ ಮನೆತನದವರು ಮಲಬಾರಿನ ತೇಗದಲ್ಲಿ ಕಟ್ಟಿದ ‘ಟ್ರಿಂಕಮಲಿ’ 1817ರಲ್ಲಿ ನೀರಿಗಿಳಿದದ್ದು. ಈಗ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ. ಅದರ ನಕ್ಷೆಯ ಮೊದಲ ಪ್ರತಿಯನ್ನು ಹೊತ್ತು ಹೊರಟ ‘ಜಾವಾ’ ಹಡಗನ್ನು 1812ರ ಡಿಸೆಂಬರಿನಲ್ಲಿ ಅಮೆರಿಕದ ‘ಕಾನ್‌ಸ್ಟಿಟ್ಯೂಷನ್’ ಸೋಲಿಸಿ ನಾಶ ಮಾಡಿತು. ಇನ್ನೊಂದು ಪ್ರತಿ ಬರುವ ತನಕ ಬೊಂಬಾಯಿಯ ಬಡಗಿಗಳು ಕಾಯಬೇಕಾಯಿತು.

ನಕ್ಷೆ, ಹಡಗು ಎರಡೂ ಕೈಗೆ ಸಿಕ್ಕರೂ ತಕರಾರು ಮುಗಿಯುವುದಿಲ್ಲ. ನೆಲ್ಸನ್ನನ ‘ವಿಕ್ಟರಿ’ಯನ್ನೇ ನೋಡಿ. 1759ರಲ್ಲಿ ಅಡಿಮರ ಹಾಕಿ, 1765ರಲ್ಲಿ ನೀರಿಗಿಳಿಸಿ, 1922ರಿಂದ ಪೋರ್ಟ್ಸ್‌ಮತ್‌ನ ಒಣ ಹಡಗುಕಟ್ಟೆಯಲ್ಲಿ ನಿಲ್ಲಿಸಿದ ಹಡಗದು. ಹೋಗಿ ಮುಟ್ಟಬಹುದು. ಆದರೆ ಕಟ್ಟಬೇಕಾದದ್ದು ಯಾವ ವರ್ಷದ ವಿಕ್ಟರಿಯನ್ನು? 1765ರ ಹಡಗಿನ ಹಿಂಬದಿಯಲ್ಲಿ ತೆರೆದ ಗ್ಯಾಲರಿಗಳಿದ್ದವು. ಟ್ರಫಾಲ್ಗರ್ ಕಾಳಗಕ್ಕೆ ಸ್ವಲ್ಪ ಮುಂಚೆ ನಡೆದ ದೊಡ್ಡ ದುರಸ್ತಿಯಲ್ಲಿ ಅವನ್ನು ಮುಚ್ಚಿಬಿಟ್ಟರು. ಕಾಳಗದ ನಂತರ ಮತ್ತೂ ಬದಲಾವಣೆಗಳಾದವು. ಲಾಂಗ್ರಿಡ್ಜ್ ಎಂಬ ವೈದ್ಯರು 1:48ರ ಅಳತೆಯಲ್ಲಿ ಕಟ್ಟಿದ ವಿಕ್ಟರಿ ಲಂಡನ್ನಿನ ವಿಜ್ಞಾನ ಸಂಗ್ರಹಾಲಯ ಸೇರಿತು. ಆ ಅನುಭವದಿಂದ ಅವರು ಬರೆದ 1955ರ ಪುಸ್ತಕವನ್ನು ಓದದೆ ವಿಕ್ಟರಿಗೆ ಕೈಹಾಕುವವರು ಕಡಿಮೆ. ಇಷ್ಟಾದ ಮೇಲೆ 2015ರಲ್ಲಿ ಬಣ್ಣದ ಹಳೆಯ ಪದರಗಳನ್ನು ಪರೀಕ್ಷಿಸಿದವರು, ಟ್ರಫಾಲ್ಗರ್ ದಿನಗಳಲ್ಲಿ ಪಕ್ಕದ ಪಟ್ಟೆಗಳು ಅದುವರೆಗೆ ಕಾಣುತ್ತಿದ್ದ ಗಾಢ ಹಳದಿಯಲ್ಲಿ ಇರಲಿಲ್ಲ, ಮಾಸಲು ಗುಲಾಬಿಗೆ ತಿರುಗುವ ತೆಳುಬಣ್ಣದಲ್ಲಿದ್ದವು ಎಂದರು. ಹಡಗಿಗೆ ಹೊಸ ಬಣ್ಣ ಬಳಿದರು. ಜಗತ್ತಿನಾದ್ಯಂತ ಗಾಜಿನ ಪೆಟ್ಟಿಗೆಗಳಲ್ಲಿದ್ದ ಹಳದಿ ವಿಕ್ಟರಿಗಳು ಒಂದೇ ವಾರದಲ್ಲಿ ಹಳತಾದವು.

ಹಳೆಯ ಮಾದರಿಗಳೇ ಸಾಕ್ಷಿಯಾಗುವ ಸಂದರ್ಭಗಳೂ ಇವೆ. 15ನೆಯ ಶತಮಾನದ ಸ್ಪೇನಿನ ಹಡಗು ಹೇಗಿತ್ತೆನ್ನಲು ವಿದ್ವಾಂಸರು ಮತ್ತೆಮತ್ತೆ ನೋಡುವುದು ಕ್ಯಾಟಲೋನಿಯಾದ ಮತಾರೋದಲ್ಲಿ ಹರಕೆಗೆಂದು ಒಪ್ಪಿಸಿದ ಪುಟ್ಟ ಹಡಗನ್ನು. ಅದೀಗ ರಾಟರ್‌ಡ್ಯಾಮ್‌ನ ಸಂಗ್ರಹಾಲಯದಲ್ಲಿದೆ. ಸಮುದ್ರದಲ್ಲಿ ಜೀವ ಉಳಿದರೆ ಹಡಗು ಮಾಡಿಸಿ ದೇವರಿಗೆ ಕೊಡುತ್ತೇನೆಂಬ ಹರಕೆ ಯುರೋಪಿನ ಕರಾವಳಿಯಲ್ಲಿ ಸಾಮಾನ್ಯವಾಗಿತ್ತು. ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಇಂಗ್ಲೆಂಡಿನ ನಾರ್ಮನ್ ಕ್ರಾಸ್ ಶಿಬಿರದಲ್ಲಿ ಸೆರೆಯಲ್ಲಿದ್ದ ಫ್ರೆಂಚರು ಊಟದಲ್ಲಿ ಉಳಿದ ಮೂಳೆಗಳಿಂದ ಹಡಗು ಕೆತ್ತಿ ಮಾರಿದರು. ಅವು ಕಣ್ಣಿಗೆ ಹಬ್ಬ, ಅಳತೆಗೆ ನಂಬಿಕಸ್ಥವಲ್ಲ. ಇದಕ್ಕೆ ತದ್ವಿರುದ್ಧ 17ನೆಯ ಶತಮಾನದ ಉತ್ತರಾರ್ಧದಿಂದ ಬಂದ ಇಂಗ್ಲೆಂಡಿನ ನೇವಿ ಬೋರ್ಡ್ ಮಾದರಿಗಳು. ಅವು ಒಂದು ಅಡಿಗೆ ಕಾಲು ಇಂಚಿನ ಲೆಕ್ಕದಲ್ಲಿ, ಅಂದರೆ 1:48ರಲ್ಲಿ ಕಟ್ಟಿದವು. ಕೆಳಗಿನ ಒಡಲಿಗೆ ಹಲಗೆ ಹೊದಿಸದೆ ಪಕ್ಕೆಲುಬುಗಳನ್ನು ಕಾಣುವಂತೆ ಬಿಟ್ಟ ಈ ಮಾದರಿಗಳ ಸೊಗಸಿಗೆ ಮನಸೋಲದವರಿಲ್ಲ. ಅಮೆರಿಕದ ಅನ್ನಾಪೊಲಿಸ್‌ನಲ್ಲಿರುವ ರಾಜರ್ಸ್ ಸಂಗ್ರಹದಲ್ಲಿ ಇಂಥವು ಸಾಲುಸಾಲಾಗಿವೆ. ಮೇಲಿನ ಕೆತ್ತನೆ, ಕಿಂಡಿಗಳ ಜಾಗ, ಡೆಕ್ಕಿನ ವಿನ್ಯಾಸ ಇವುಗಳಿಗೆಲ್ಲ ಇದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ಆದರೆ ಕಣ್ಸೆಳೆಯುವ ಆ ಪಕ್ಕೆಲುಬುಗಳ ಜೋಡಣೆ ಮಾತ್ರ ಮಾದರಿಗೆಂದೇ ರೂಢಿಸಿಕೊಂಡ ಶೈಲಿ. ನಿಜವಾದ ಹಡಗಿನಲ್ಲಿ ಮರಗಳು ಹಾಗೆ ಕೂರುತ್ತಿರಲಿಲ್ಲ. ಯಾವುದನ್ನು ತೆರೆದು ತೋರಿಸುತ್ತದೋ ಅಲ್ಲೇ ಅದು ಸುಳ್ಳು ಹೇಳುತ್ತದೆ!

ಇನ್ನು ಮೇಜಿನ ಮುಂದೆ ಕೂರೋಣ.

ಕಿಟ್ ತೆರೆದರೆ ಮೊದಲು ಕೈಗೆ ಬರುವುದು ಪ್ಲೈವುಡ್ಡಿನಲ್ಲಿ ಕೊರೆದ ಒಂದು ಉದ್ದದ ಬೆನ್ನೆಲುಬು ಮತ್ತು ಅದಕ್ಕೆ ಅಡ್ಡ ಸಿಕ್ಕಿಸುವ ಹತ್ತು ಹದಿನೈದು ಬಿಲ್ಲೆಗಳು. ಬಿಲ್ಲೆಗಳ ಅಂಚಿನ ಮೇಲೆ ತೆಳುಪಟ್ಟಿಗಳನ್ನು ಅಂಟಿಸುತ್ತ ಹೋದರೆ ಒಡಲಾಗುತ್ತದೆ. ಬೆನ್ನೆಲುಬು, ಪಕ್ಕೆಲುಬುಗಳನ್ನೆಲ್ಲ ಅಸಲಿ ಹಡಗಿನಂತೆ ಒಂದೊಂದಾಗಿ ಕೊಯ್ದು ನಿಲ್ಲಿಸುವ ದಾರಿ ಇನ್ನೊಂದು. ಅದಕ್ಕೆ ವರ್ಷಗಳು ಬೇಕು, ಗರಗಸದ ಯಂತ್ರ ಬೇಕು, ಮನೆಯವರ ಸಹನೆಯೂ ಬೇಕು.

ಎರಡು ದಾರಿಯಲ್ಲೂ ಹೊಸಬರು ಮುಗ್ಗರಿಸುವುದು ಹಲಗೆ ಹೊದಿಸುವಾಗಲೇ. 5 ಮಿಲಿಮೀಟರ್ ಅಗಲದ ಪಟ್ಟಿಯನ್ನು ಒಡಲಿನ ನಡುವಿನಿಂದ ಮುಂದಿನ ಮೂತಿಯ ಕಡೆ ಬಗ್ಗಿಸಿ ನೋಡಿ. ಮಧ್ಯದಲ್ಲಿ ಮೈಗೆ ಅಂಟಿಕೊಂಡಿದ್ದದ್ದು ಮೂತಿಯ ಹತ್ತಿರ ಒಂದು ಅಂಚಿನಲ್ಲಿ ಎದ್ದು ನಿಲ್ಲುತ್ತದೆ. ಬಲವಂತವಾಗಿ ಒತ್ತಿ ಅಂಟಿಸಿದರೆ ಮುಂದಿನ ಪಟ್ಟಿ ಇನ್ನಷ್ಟು ಎದ್ದು, ನಾಲ್ಕನೆಯದರ ಹೊತ್ತಿಗೆ ಹಲಗೆಗಳು ಮೂತಿಯ ಮೇಲೇರಿ ಆಕಾಶ ನೋಡುತ್ತವೆ. ರವಿಕೆ ಹೊಲಿಯುವವರಿಗೆ ಈ ಗುಟ್ಟು ಚೆನ್ನಾಗಿ ಗೊತ್ತು: ಉಬ್ಬಿದ ಮೈಗೆ ನೇರ ಪಟ್ಟಿ ಕೂರುವುದಿಲ್ಲ, ಕತ್ತರಿಸುವಾಗಲೇ ಬಟ್ಟೆಗೆ ಬಾಗು ಕೊಡಬೇಕು. ಹಡಗಿನ ಬಡಗಿಯೂ ಅದನ್ನೇ ಮಾಡುತ್ತಿದ್ದ. ನಡುವಿನಲ್ಲಿ ಒಡಲಿನ ಸುತ್ತಳತೆ ಹೆಚ್ಚು, ಮೂತಿಯಲ್ಲಿ ಕಡಿಮೆ. ಎರಡು ಕಡೆಯ ಅಳತೆಯನ್ನೂ ಅಷ್ಟೇ ಸಂಖ್ಯೆಯ ಹಲಗೆಗಳಿಗೆ ಹಂಚಿ ಪ್ರತಿ ಹಲಗೆಯನ್ನೂ ತುದಿಗೆ ಸಣ್ಣಗೊಳಿಸುತ್ತಿದ್ದ. ತುದಿ ಅರ್ಧ ಅಗಲಕ್ಕಿಂತ ಚಿಕ್ಕದಾಗುವಂತಿದ್ದರೆ ಮೊಳೆ ಹಿಡಿಯಲು ಮರವೇ ಉಳಿಯುವುದಿಲ್ಲವಾದ್ದರಿಂದ ಎರಡು ಹಲಗೆಗಳನ್ನು ಒಂದರಲ್ಲಿ ಮುಗಿಸುತ್ತಿದ್ದ. ಹಿಂಬದಿಯಲ್ಲಿ ಸುತ್ತಳತೆ ಹಿಗ್ಗಿದರೆ ನಡುವೆ ಒಂದು ಬೆಣೆಹಲಗೆ ಸೇರಿಸುತ್ತಿದ್ದ. ಕಿಟ್‌ಗಳ ಕೈಪಿಡಿಯಲ್ಲಿ ಇದಕ್ಕೆ ಸಿಗುವ ಜಾಗ ಸಾಮಾನ್ಯವಾಗಿ ನಾಲ್ಕು ಸಾಲು. ಹೊಸಬರ ಅರ್ಧಕ್ಕೆ ನಿಂತ ಹಡಗುಗಳು ಅಟ್ಟ ಸೇರುವುದಕ್ಕೆ ಈ ನಾಲ್ಕು ಸಾಲುಗಳೇ ಕಾರಣ ಎಂದರೆ ತಪ್ಪಾಗಲಾರದು.

ಮರದ ಆಯ್ಕೆಯಲ್ಲಿ ಒಂದು ವಿಚಿತ್ರವಿದೆ. ವಿಕ್ಟರಿಯನ್ನು ಕಟ್ಟಿದ್ದು ಓಕ್ ಮರದಲ್ಲಿ, ಅದರ ಒಳ್ಳೆಯ ಮಾದರಿಗಳಲ್ಲಿ ಓಕ್ ಇರುವುದಿಲ್ಲ. ಹಡಗನ್ನು ಎಪ್ಪತ್ತು ಪಾಲು ಕುಗ್ಗಿಸಬಹುದು, ಮರದ ಎಳೆಗಳನ್ನು ಕುಗ್ಗಿಸಲಾಗದು. ಮಾದರಿಯ ಹಲಗೆಯಲ್ಲಿ ಕಾಣುವ ಓಕ್‌ನ ಒರಟು ಎಳೆ ಅಸಲಿ ಹಡಗಿನ ಲೆಕ್ಕದಲ್ಲಿ ಅಂಗೈ ಅಗಲದ ಬಿರುಕಾಗುತ್ತದೆ. ಹಾಗಾಗಿ ಎಳೆಯೇ ಕಾಣದ ಬಾಕ್ಸ್‌ವುಡ್, ಪೇರ್, ಹಾಲಿ ಮರಗಳು ಬೇಕು. ನಮ್ಮಲ್ಲಿ ಇವು ಸಿಗುವುದು ಕಷ್ಟ, ಸಿಕ್ಕರೆ ದುಬಾರಿ. ಆದರೆ ಚನ್ನಪಟ್ಟಣದ ಬೊಂಬೆಯವರು ತಲೆಮಾರುಗಳಿಂದ ಬಳಸುತ್ತಿರುವ ಆಲೆ ಮರ ಬಿಳಿಯದು, ನುಣ್ಣಗಿನದು, ಎಳೆ ಸಣ್ಣ, ಉಳಿಗೆ ಒಲಿಯುವಂಥದು. ಕಿಟ್‌ನ ಒರಟು ವಾಲ್‌ನಟ್ ಪಟ್ಟಿಗಿಂತ ಇದು ಎಷ್ಟೋ ವಾಸಿ. ಕೆತ್ತನೆಗಳ ವಿಷಯಕ್ಕೆ ಬಂದರೆ, ಸಾಗರ, ಸೊರಬದ ಗುಡಿಗಾರರ ಕೈಗೆ 1:48ರ ಮೂತಿಬೊಂಬೆಯೊಂದನ್ನು ಕೊಟ್ಟು ನೋಡಬೇಕೆಂಬ ಆಸೆ ನನಗಿದೆ. ಅಚ್ಚಿಗೆ ಎರೆದ ಲೋಹದ ಬೊಂಬೆಗಳನ್ನು ನೋಡಿ ನೋಡಿ ಸಾಕಾಗಿದೆ.

ಅಳತೆಯ ವಿಷಯದಲ್ಲಿ ಕಿಟ್‌ಗಳು ಮಾಡುವ ಅನ್ಯಾಯಗಳಲ್ಲಿ ತಾಮ್ರದ ತಗಡು ಮುಂಚೂಣಿಯಲ್ಲಿದೆ. ಮರ ಕೊರೆಯುವ ಹುಳುವಿನಿಂದ ರಕ್ಷಿಸಲು ಬ್ರಿಟಿಷರು ಒಡಲಿನ ತಳಕ್ಕೆ 4 ಅಡಿ ಉದ್ದ, 14 ಇಂಚು ಅಗಲದ ತಗಡು ಹೊದಿಸುತ್ತಿದ್ದರು. 1:72ರಲ್ಲಿ ಅದು ಸುಮಾರು 17 ಮಿ.ಮೀ. ಉದ್ದ, 5 ಮಿ.ಮೀ. ಅಗಲವಾಗುತ್ತದೆ. ಅದಕ್ಕೆ ಹೊಡೆದ ಮೊಳೆಯ ತಲೆ ಆ ಅಳತೆಯಲ್ಲಿ ಕಣ್ಣಿಗೆ ಕಾಣಲೇಬಾರದು. ಆದರೆ ಮಾರುಕಟ್ಟೆಯ ತಗಡುಗಳಲ್ಲಿ ಮೊಳೆಗಳು ಸಿಡುಬಿನ ಕಲೆಯಂತೆ ಎದ್ದಿರುತ್ತವೆ. ಕಬ್ಬಿಣದ ಮೊಳೆಯ ಬದಲು ಬಳಸುತ್ತಿದ್ದ ಮರದ ಗೂಟಗಳ ಕಥೆಯೂ ಇದೇ. ಒಂದೂಕಾಲು ಇಂಚಿನ ಗೂಟ 1:48ರಲ್ಲಿ 0.66 ಮಿ.ಮೀ. ಇದನ್ನು ಮಾಡುವ ಜಾಣತನದ ದಾರಿಯೆಂದರೆ ಬಿದಿರಿನ ಸೀಳನ್ನು ಅಕ್ಕಸಾಲಿಗರು ತಂತಿ ಎಳೆಯುವ ತೂತಿನ ಪಟ್ಟಿಯಲ್ಲಿ ದೊಡ್ಡ ತೂತಿನಿಂದ ಸಣ್ಣದಕ್ಕೆ ಎಳೆಯುತ್ತ ಬರುವುದು. ಬಿದಿರಿನ ನಾರು ನೇರವಾಗಿರುವುದರಿಂದ ಅಷ್ಟು ಸಣ್ಣಗಾದರೂ ಮುರಿಯುವುದಿಲ್ಲ.

ಹಗ್ಗದ ಲೆಕ್ಕದಲ್ಲಿ ಬಹಳ ಜನ ಎಡವುವ ಒಂದು ಗುಂಡಿಯಿದೆ. ಡೇವಿಡ್ ಸ್ಟೀಲ್ 1794ರಲ್ಲಿ ಪ್ರಕಟಿಸಿದ ಕೋಷ್ಟಕಗಳಲ್ಲಿ ಯಾವ ದರ್ಜೆಯ ಹಡಗಿನ ಯಾವ ಹಗ್ಗ ಎಷ್ಟು ದಪ್ಪ ಎಂಬುದೆಲ್ಲ ಇದೆ. ಆದರೆ ಅಲ್ಲಿ ‘12 ಇಂಚಿನ ಹಗ್ಗ’ ಎಂದರೆ ಸುತ್ತಳತೆ 12 ಇಂಚು. ವ್ಯಾಸ ನಾಲ್ಕು ಇಂಚಿಗೂ ಕಡಿಮೆ, 1:72ರಲ್ಲಿ ಸುಮಾರು 1.35 ಮಿ.ಮೀ. ಇದನ್ನು ವ್ಯಾಸವೆಂದು ತಿಳಿದು ದಾರ ಕೊಂಡವರ ಹಡಗಿನಲ್ಲಿ ನಾಲ್ಕು ಮಿಲಿಮೀಟರಿನ ಕಂಬಹಗ್ಗಗಳು ಜೋತಾಡುತ್ತವೆ. ಕೂವೆಮರಕ್ಕೆ ಆಸರೆಯಾದ ಸ್ಥಿರ ಹಗ್ಗಗಳಿಗೆ ಟಾರು ಬಳಿದಿರುತ್ತಿದ್ದರಿಂದ ಅವು ಕಪ್ಪು, ಹಾಯಿ ಎಳೆಯುವ ಚಲ ಹಗ್ಗಗಳು ನಾರಿನ ಕಂದು. ನಾವಿಕರು ಏರುತ್ತಿದ್ದ ಹಗ್ಗದ ಏಣಿಯ ಮೆಟ್ಟಿಲುಗಳ ಅಂತರ 13 ಇಂಚಿನ ಆಸುಪಾಸು, ಅಂದರೆ 1:72ರಲ್ಲಿ ನಾಲ್ಕೂವರೆ ಮಿಲಿಮೀಟರ್. ಪ್ರತಿ ಮೆಟ್ಟಿಲು ಪ್ರತಿ ನೇರ ಹಗ್ಗವನ್ನು ದಾಟುವಲ್ಲಿ ಒಂದು ಗಂಟು. ಮೂರು ಕೂವೆಮರದ ಯುದ್ಧನೌಕೆಯಲ್ಲಿ ಈ ಗಂಟುಗಳ ಲೆಕ್ಕ ಸಾವಿರಗಳಲ್ಲೇ. ಈ ಕೆಲಸದ ಬಗ್ಗೆ ಬರೆಯುವವರೆಲ್ಲ ಇದನ್ನು ಧ್ಯಾನಕ್ಕೆ ಹೋಲಿಸುತ್ತಾರೆ. ಆಗಾಗ ಬೇಸರವಾಗುತ್ತದೆ ಎಂದು ಒಪ್ಪಿಕೊಳ್ಳುವುದೇ ಮರ್ಯಾದೆ.

ಒಳ್ಳೆಯ ಮಾದರಿಕಾರರು ಮೇಜಿನ ಮೇಲೆ ಕಾಗದದ ಒಬ್ಬ ಮನುಷ್ಯನನ್ನು ಕತ್ತರಿಸಿ ಇಟ್ಟುಕೊಂಡಿರುತ್ತಾರೆ. 1:72ಕ್ಕೆ ಅವನ ಎತ್ತರ ಸುಮಾರು 24 ಮಿ.ಮೀ. ಅವನನ್ನು ಡೆಕ್ಕಿನ ಮೇಲೆ ನಡೆಸಿ ನೋಡುತ್ತಾರೆ. ಬಾಗಿಲಲ್ಲಿ ಅವನ ತಲೆ ತಾಗುತ್ತದೆಯೇ, ಚುಕ್ಕಾಣಿಯ ಚಕ್ರ ಅವನ ಕೈಗೆಟುಕುತ್ತದೆಯೇ, ಕಟಾಂಜನ ಅವನ ಮೊಣಕಾಲಿಗೆ ಬರುತ್ತದೆಯೇ? ಸುಂದರವಾದ ಎಷ್ಟೋ ಮಾದರಿಗಳು ಈ ಬಡಪಾಯಿಯ ಪರೀಕ್ಷೆಯಲ್ಲಿ ಫೇಲಾಗುತ್ತವೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಗೊತ್ತಿರುವುದನ್ನು ಕುಗ್ಗಿಸಿ ಕಟ್ಟುವ ಮಾತು. ಗೊತ್ತಿಲ್ಲದ್ದನ್ನು ತಿಳಿಯಲೆಂದೇ ಮಾದರಿ ಕಟ್ಟುವವರೂ ಇದ್ದಾರೆ. ಅವರಲ್ಲಿ ಮೊದಲು ನೆನೆಯಬೇಕಾದವರು ರಿಚರ್ಡ್ ಸ್ಟೆಫಿ. ಅಮೆರಿಕದ ಪೆನ್ಸಿಲ್ವೇನಿಯಾದ ಸಣ್ಣ ಊರೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಅವರಿಗೆ ಬಿಡುವಿನಲ್ಲಿ ಹಡಗಿನ ಮಾದರಿ ಮಾಡುವ ಹುಚ್ಚು. 1960ರ ದಶಕದಲ್ಲಿ ಪುರಾತತ್ವಜ್ಞ ಜಾರ್ಜ್ ಬಾಸ್ ಟರ್ಕಿಯ ಯಾಸಿಯಡ ಬಳಿ ಸಮುದ್ರದ ತಳದಲ್ಲಿ 7ನೆಯ ಶತಮಾನದ ಹಡಗೊಂದನ್ನು ಅಗೆಯುತ್ತಿರುವುದನ್ನು ಓದಿ, ಅದರ ಮಾದರಿ ಕಟ್ಟಿಕೊಡಲೇ ಎಂದು ಕೇಳಿದರು. ಮುಂದೆ ಸೈಪ್ರಸ್‌ನ ಕೈರೇನಿಯಾದಲ್ಲಿ ಕ್ರಿ.ಪೂ. 4ನೆಯ ಶತಮಾನದ, ಸುಮಾರು 14 ಮೀಟರ್ ಉದ್ದದ ಗ್ರೀಕ್ ವ್ಯಾಪಾರಿ ಹಡಗು ಸಿಕ್ಕಿತು. ಮೇಲೆ ತಂದದ್ದು ಸಾವಿರಾರು ಮರದ ತುಂಡು. ಸ್ಟೆಫಿ ತಮ್ಮ ಕಸುಬನ್ನೇ ಬಿಟ್ಟು ಕುಟುಂಬ ಸಮೇತ ಸೈಪ್ರಸ್‌ಗೆ ಹೋಗಿ, ಮಾದರಿಗಳ ಮೇಲೆ ಪ್ರಯೋಗ ಮಾಡುತ್ತ, ಅಲ್ಲಿನ ಕೋಟೆಯೊಳಗೆ ಆ ಹಡಗನ್ನು ಮತ್ತೆ ನಿಲ್ಲಿಸಿದರು. ಅವರ ಮಾದರಿಗಳಲ್ಲಿ ಎಷ್ಟೋ ಗಾಜಿನ ಪೆಟ್ಟಿಗೆಗೆ ಲಾಯಕ್ಕಾದವಲ್ಲ. ಹಲಗೆಯೊಂದು ಕೂರದಿದ್ದರೆ ತಮ್ಮ ಊಹೆ ತಪ್ಪು ಎಂದು ತಿಳಿದು ಕಿತ್ತು ಮತ್ತೆ ಕಟ್ಟಲೆಂದೇ ಮಾಡಿದವು. ಕಾಗದದ ಮೇಲೆ ಸರಿ ಕಂಡ ಗೆರೆಯನ್ನು ಮರ ಒಪ್ಪದಿದ್ದರೆ ಗೆರೆಯೇ ಸುಳ್ಳು. ಟೆಕ್ಸಸ್ ವಿಶ್ವವಿದ್ಯಾಲಯವೊಂದರಲ್ಲಿ ಪ್ರಾಧ್ಯಾಪಕರಾದ ಅವರಿಗೆ 1985ರಲ್ಲಿ ಮೆಕಾರ್ಥರ್ ಫೆಲೋಶಿಪ್ ಬಂತು. 1994ರ ಅವರ ಗ್ರಂಥ ಈ ಕ್ಷೇತ್ರದ ಪಠ್ಯಪುಸ್ತಕ. ವೇಲ್ಸ್‌ನ ನ್ಯೂಪೋರ್ಟ್‌ನಲ್ಲಿ 2002ರಲ್ಲಿ ಸಿಕ್ಕ 15ನೆಯ ಶತಮಾನದ ಹಡಗಿನ ಒಂದೊಂದು ಮರವನ್ನೂ ಕಂಪ್ಯೂಟರಿಗೆ ಇಳಿಸಿ 1:10ರಲ್ಲಿ ಮುದ್ರಿಸಿ ಜೋಡಿಸಿದರು. ಸಾಧನ ಹೊಸದು, ದಾರಿ ಸ್ಟೆಫಿಯದೇ.

ಕೈರೇನಿಯಾದ ಹಡಗು ಕಲಿಸಿದ ದೊಡ್ಡ ಪಾಠ ಕಟ್ಟುವ ಕ್ರಮದ್ದು. ಆ ಗ್ರೀಕರು ಮೊದಲು ಪಕ್ಕೆಲುಬು ನಿಲ್ಲಿಸಿರಲಿಲ್ಲ. ಅಡಿಮರದಿಂದ ಶುರುಮಾಡಿ ಹಲಗೆಯ ಅಂಚಿಗೆ ಹಲಗೆ ಇಟ್ಟು, ನಡುವೆ ಸಾವಿರಾರು ಗೂಡು-ನಾಲಗೆಯ ಸಂದುಗಳಿಂದ ಹೆಣೆದು ಚಿಪ್ಪನ್ನು ಎಬ್ಬಿಸಿ, ಆಮೇಲೆ ಅದರೊಳಗೆ ಪಕ್ಕೆಲುಬು ಕೂರಿಸಿದ್ದರು. ಆಕಾರವನ್ನು ನಿರ್ಧರಿಸಿದ್ದು ಹಲಗೆ. ಒಂಬತ್ತು ನೂರು ವರ್ಷ ಕಳೆದ ಮೇಲಿನ ಯಾಸಿಯಡದ ಹಡಗಿನಲ್ಲಿ ನೀರಿನ ಮಟ್ಟದವರೆಗೆ ಹಳೆಯ ಕ್ರಮ, ಮೇಲೆ ಪಕ್ಕೆಲುಬು ಮೊದಲು ಎಂಬ ಹೊಸ ಕ್ರಮ. ಉತ್ತರದ ವೈಕಿಂಗರದೂ ಚಿಪ್ಪು ಮೊದಲಿನ ಕ್ರಮವೇ. 1628ರಲ್ಲಿ ಸ್ಟಾಕ್‌ಹೋಮ್ ಬಂದರಿನಲ್ಲಿ ಮೊದಲ ಯಾನದಲ್ಲೇ ಮುಳುಗಿ 1961ರಲ್ಲಿ ಮೇಲೆದ್ದ ‘ವಾಸಾ’ದಲ್ಲೂ ಡಚ್ ಪದ್ಧತಿಯಂತೆ ತಳದ ಹಲಗೆಗಳು ಮೊದಲು ಬಂದವು. ಅದರೊಳಗೆ ಸಿಕ್ಕ ಬಡಗಿಗಳ ಅಳತೆಕೋಲುಗಳಲ್ಲಿ ಎರಡು ಸ್ವೀಡಿಷ್ ಅಡಿಯವು, ಎರಡು ಅದಕ್ಕಿಂತ ಚಿಕ್ಕದಾದ ಆಮ್‌ಸ್ಟರ್‌ಡ್ಯಾಮ್ ಅಡಿಯವು. ಎಡಬಲಗಳು ಒಂದೇ ಸಮ ಇಲ್ಲದಿದ್ದರೆ ಅಚ್ಚರಿಯೇನು? ಆದರೆ ನಾವು ಕೊಳ್ಳುವ ವಾಸಾ ಕಿಟ್ಟಿನ ಬಿಲ್ಲೆಗಳು ಕನ್ನಡಿ ಹಿಡಿದಂತೆ ಎರಡೂ ಕಡೆ ಒಂದೇ.

ಅಂದರೆ ಬಿಲ್ಲೆ ನಿಲ್ಲಿಸಿ ಪಟ್ಟಿ ಹೊದಿಸುವ ಕಿಟ್ಟಿನ ವಿಧಾನ ಜಗತ್ತಿನ ಹಡಗುಗಳಲ್ಲಿ ಒಂದು ಕಾಲದ, ಒಂದು ಭಾಗದ ಪದ್ಧತಿಗೆ ಮಾತ್ರ ಹತ್ತಿರ. ನಮ್ಮ ಪಶ್ಚಿಮ ಕರಾವಳಿಗೆ ಅದು ತಲೆಕೆಳಗು. ಕೇರಳದ ಬೇಪೂರಿನಲ್ಲಿ ‘ಉರು’ ಕಟ್ಟುವ ಮೇಸ್ತ್ರಿಗಳು ಕಾಗದದ ನಕ್ಷೆ ಇಲ್ಲದೆ, ಹೊರಗಿನ ಹಲಗೆಗಳನ್ನು ಮೊದಲು ಎಬ್ಬಿಸಿ ಆಮೇಲೆ ಒಳಗೆ ಪಕ್ಕೆಲುಬು ಹಾಕುವವರು. ಅದಕ್ಕೂ ಹಿಂದಿನದು ಹೊಲಿದ ಹಡಗು. ಹಲಗೆಯ ಅಂಚುಗಳಲ್ಲಿ ಜೋಡಿ ತೂತು ಕೊರೆದು, ಸಂದಿನ ಮೇಲೆ ತೆಂಗಿನ ನಾರಿನ ಹುರಿಯಿಟ್ಟು, ಕತ್ತದ ಹಗ್ಗದಿಂದ ಬಿಗಿದು, ರಾಳ ಎಣ್ಣೆಗಳಿಂದ ತೂತು ಮುಚ್ಚುವ ವಿದ್ಯೆ. 14ನೆಯ ಶತಮಾನದಲ್ಲಿ ನಮ್ಮ ಹೊನ್ನಾವರವನ್ನೂ ಕಂಡು ಹೋದ ಇಬ್ನ್ ಬತೂತ, ಕಬ್ಬಿಣ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದದ್ದು ಬಳುಕಿ ತಡೆದುಕೊಳ್ಳುತ್ತದೆ ಎಂಬ ಕಾರಣ ಕೊಡುತ್ತಾನೆ.

ಈ ವಿದ್ಯೆಯನ್ನು ಪೂರ್ಣಗಾತ್ರದಲ್ಲಿ ಪರೀಕ್ಷೆಗೆ ಹಚ್ಚಿದ್ದು ಭಾರತೀಯ ನೌಕಾಪಡೆಯ ‘ಕೌಂಡಿನ್ಯ’ ಹಡಗು. ಅಜಂತಾ ಗುಹೆಯ ಗೋಡೆಯಲ್ಲಿರುವ 5ನೆಯ ಶತಮಾನದ ಹಡಗಿನ ಚಿತ್ರವೊಂದೇ ಅದಕ್ಕೆ ಆಧಾರ. 2023ರ ಸೆಪ್ಟೆಂಬರಿನಲ್ಲಿ ಗೋವಾದಲ್ಲಿ ಅಡಿಮರ ಹಾಕಿದರು. ಕೇರಳದ ಬಾಬು ಶಂಕರನ್ ಅವರ ಮುಂದಾಳ್ತನದಲ್ಲಿ ಕುಶಲಕರ್ಮಿಗಳು ಸಾವಿರಾರು ಹೊಲಿಗೆ ಹಾಕಿದರು. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಅದು ನೌಕಾಪಡೆ ಸೇರಿತು. ಆ ವರ್ಷದ ಡಿಸೆಂಬರ್ ಕೊನೆಗೆ ಪೋರಬಂದರದಿಂದ ಮಸ್ಕತ್‌ನತ್ತ ಹಾಯಿ ಬಿಚ್ಚಿತು. ಅಜಂತಾದ ಚಿತ್ರಕಾರ ಬರೆದದ್ದು ಹಡಗಿನ ಒಂದು ಪಕ್ಕವನ್ನು. ಅಗಲವೆಷ್ಟು, ತಳ ಚಪ್ಪಟೆಯೋ ಚೂಪೋ, ಹಾಯಿ ಹೇಗೆ ತಿರುಗುತ್ತಿತ್ತು, ಯಾವುದಕ್ಕೂ ಅಲ್ಲಿ ಉತ್ತರವಿಲ್ಲ. ಹಾಗಾಗಿ ಒಡಲಿನ ಆಕಾರವನ್ನು ಮೊದಲು ಮದ್ರಾಸ್ ಐಐಟಿಯ ಸಾಗರ ಎಂಜಿನಿಯರಿಂಗ್ ವಿಭಾಗದಲ್ಲಿ ಮಾದರಿಯ ಮೇಲೆ ಪರೀಕ್ಷಿಸಿದರು. ಒಂದು ಚಿತ್ರದಿಂದ ಸಮುದ್ರಕ್ಕೆ ಹೋಗುವ ದಾರಿಯೂ ಮಾದರಿಯ ಮೂಲಕವೇ ಹಾದುಹೋಯಿತು.

ಒಂದು ತಕರಾರು ಮಾತ್ರ ನನಗಿದೆ. ಕೌಂಡಿನ್ಯದ ಹಾಯಿಯ ಮೇಲೆ ಗಂಡಭೇರುಂಡವಿದೆ, ಕನ್ನಡಿಗರಿಗೆ ಹಿಗ್ಗೇ. ಡೆಕ್ಕಿನ ಮೇಲೆ ಹರಪ್ಪ ಶೈಲಿಯ ಕಲ್ಲಿನ ಲಂಗರು, ಮೂತಿಯಲ್ಲಿ ಸಿಂಹಯಾಳಿ. ಅಜಂತಾ ಚಿತ್ರಕ್ಕೂ ಹರಪ್ಪಕ್ಕೂ ನಡುವೆ ಎರಡು ಸಾವಿರ ವರ್ಷಕ್ಕಿಂತ ಹೆಚ್ಚಿನ ಅಂತರ. ನೌಕಾಪಡೆಗೆ ಲಾಂಛನಗಳು ಬೇಕು, ಇರಲಿ. ಆದರೆ ಇದರ ಮಾದರಿ ಮಾಡುವವರು ಫಲಕದಲ್ಲಿ ‘ಅಜಂತಾ ಹಡಗು’ ಎಂದು ಬರೆಯಬಾರದು, ‘2025ರ ಕೌಂಡಿನ್ಯ’ ಎಂದೇ ಬರೆಯಬೇಕು.

ಹೊಲಿದ ಹಡಗಿಗೆ ಅಳತೆಯ ಪ್ರಶ್ನೆಯೂ ಬೇರೆ. ಹೊಲಿಗೆಯ 8 ಮಿ.ಮೀ. ಹುರಿ 1:72ರಲ್ಲಿ 0.11 ಮಿ.ಮೀ.ಗೆ ಇಳಿಯುತ್ತದೆ. ಹೊಲಿಗೆ ಯಂತ್ರದ ದಾರವೂ ಅದಕ್ಕಿಂತ ದಪ್ಪ. ಹಾಗಾಗಿ 1:10 ಇಲ್ಲವೇ 1:12ಕ್ಕೆ ಹೋಗಲೇಬೇಕು. ಆಗ 20 ಮೀಟರಿನ ಹಡಗು ಎರಡು ಮೀಟರ್ ಆಗುತ್ತದೆ. ಮನೆಯೊಳಗೆ ಜಾಗವಿಲ್ಲವೆಂದರೆ ಮಧ್ಯದ ಒಂದು ತುಂಡನ್ನಷ್ಟೇ ಕಟ್ಟಬಹುದು. ಅಂಟನ್ನು ಮುಟ್ಟದೆ, ತೂತು, ನಾರು, ಹುರಿಯಿಂದಲೇ ನಾಲ್ಕು ಹಲಗೆ ಬಿಗಿದು ನೋಡಿದರೂ ಸಾಕು, ಪಕ್ಕೆಲುಬಿಲ್ಲದೆ ಆಕಾರ ಎಲ್ಲಿಂದ ಬರುತ್ತದೆಂಬುದು ಬೆರಳಿಗೆ ತಿಳಿಯುತ್ತದೆ.

ಇಷ್ಟೆಲ್ಲ ಹೇಳಿ ಇನ್ನೊಂದು ವಿಕ್ಟರಿ ಕಟ್ಟಿ ಎನ್ನಲು ನನಗೆ ಮನಸ್ಸಿಲ್ಲ. ಅದರ ಮಾದರಿಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ನಮ್ಮ ಕರಾವಳಿಯ ಪತ್ತೆಮಾರಿ, ಮಂಜಿಗಳದ್ದು ಎಷ್ಟಿವೆ? ಮುಂದಕ್ಕೆ ವಾಲಿದ ಎರಡು ಕೂವೆಮರ, ಉದ್ದಕ್ಕೆ ಚಾಚಿದ ಮೂತಿ, ಓರೆ ಹಾಯಿಯ ಪತ್ತೆಮಾರಿ ಬೊಂಬಾಯಿಗೂ ಮಲಬಾರಿಗೂ ನಡುವೆ ಓಡಾಡಿದ ಸರಕಿನ ಹಡಗು. ಶ್ರೀಲಂಕಾದ ತ್ರಿಂಕೋಮಲಿ ಹಡಗುಕಟ್ಟೆಯ ಮುಖ್ಯ ಬಡಗಿಯಾಗಿದ್ದ ಜಾನ್ ಎಡೈ 1834ರಲ್ಲಿ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಇದನ್ನೂ ಮಂಗಳೂರಿನ ಮಂಜಿಯನ್ನೂ ಚಿತ್ರ ಸಮೇತ ವಿವರಿಸಿದ. ಫ್ರೆಂಚ್ ನೌಕಾಪಡೆಯ ಅಧಿಕಾರಿ ಪಾರಿಸ್ 1840ರ ದಶಕದ ತನ್ನ ಗ್ರಂಥದಲ್ಲಿ ಪತ್ತೆಮಾರಿಯನ್ನು ಅಳತೆ ಹಿಡಿದು ಬರೆದ. ಮುಂದೆ ಲೂವ್ರ್‌ನ ನೌಕಾ ಸಂಗ್ರಹದ ಮುಖ್ಯಸ್ಥನಾದಾಗ ಇಂಥ ನಕ್ಷೆಗಳಿಂದ ಮಾದರಿಗಳನ್ನೂ ಕಟ್ಟಿಸಿದ. ನಮ್ಮ ಹಡಗಿನ ಗೆರೆ ಹುಡುಕಲು ಪ್ಯಾರಿಸ್‌ಗೆ ಹೋಗಬೇಕಾದ ಸ್ಥಿತಿ ಇದು. ಇನ್ನೂ ಹಿಂದಕ್ಕೆ ಹೋದರೆ ಗೋವಾ ಕದಂಬರ ಕಾಲದ ಹಡಗಿನ ವೀರಗಲ್ಲು, ಮುಂಬಯಿ ಬೋರಿವಲಿಯ ಎಕ್ಸರ್‌ನ ನೌಕಾಯುದ್ಧದ ವೀರಗಲ್ಲುಗಳು ಇವೆ. ಅಜಂತಾದ ತೊಡಕು ಅಲ್ಲೂ ಉಂಟು, ಶಿಲ್ಪಿ ಕಂಡದ್ದು ಒಂದು ಪಕ್ಕ ಮಾತ್ರ.

ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳು ಇಂದಿಗೂ ಇವೆ. ಹಾಯಿ ಹೋಗಿ ಎಂಜಿನ್ ಬಂದಿದೆ, ಒಡಲಿನಲ್ಲಿ ಹಳೆಯ ಕೈಯ ಗುರುತು ಉಳಿದಿದೆ. ಮಳೆಗಾಲಕ್ಕೆ ದಡ ಹತ್ತಿಸಿದ, ಇಲ್ಲವೇ ಒಡೆಯಲೆಂದು ಬಿಟ್ಟ ಮರದ ಒಡಲು ಕಂಡರೆ ಅಳತೆ ಹಿಡಿಯಲು ದೊಡ್ಡ ಸಲಕರಣೆ ಬೇಡ. ಉದ್ದಕ್ಕೆ ಒಂದು ದಾರವನ್ನು ಮಟ್ಟವಾಗಿ ಬಿಗಿದು, ಪ್ರತಿ ಎರಡಡಿಗೊಂದು ಗುರುತು ಹಾಕಿ, ಪ್ರತಿ ಗುರುತಿನಲ್ಲೂ ಮೇಲಂಚಿನಿಂದ ತೂಕದ ಗುಂಡು ಇಳಿಬಿಟ್ಟು, ಆ ದಾರದಿಂದ ಹಲಗೆಯವರೆಗಿನ ದೂರವನ್ನು ಗೇಣಿಗೊಂದರಂತೆ ಬರೆದುಕೊಂಡರೆ ಅಡ್ಡಸೀಳಿನ ಆಕಾರ ಸಿಗುತ್ತದೆ. ಒಂದೇ ಪಕ್ಕ ಅಳೆದು ಇನ್ನೊಂದನ್ನು ಹಾಗೇ ಇರುತ್ತದೆಂದು ಬರೆಯಬಾರದು, ವಾಸಾದ ಅಳತೆಕೋಲುಗಳು ನೆನಪಿರಲಿ. ಯಾವ ಹಲಗೆ ಮೂಲದ್ದು, ಯಾವುದು ಆಮೇಲೆ ಬದಲಿಸಿದ್ದು, ಯಾವ ಜಾತಿಯ ಮರ, ಪಕ್ಕೆಲುಬನ್ನು ಯಾವಾಗ ಕೂರಿಸಿದರು, ಇದೆಲ್ಲ ಅದನ್ನು ಕಟ್ಟಿದ ಇಲ್ಲವೇ ರಿಪೇರಿ ಮಾಡಿದ ಆಚಾರಿಗಳು ಬದುಕಿದ್ದರೆ ಅವರನ್ನೇ ಕೂರಿಸಿಕೊಂಡು ಕೇಳಿ ಬರೆದುಕೊಳ್ಳಬೇಕು. ಆಲೆ ಮರ ಕೊಯ್ಯುವುದು ಅದಾದ ಮೇಲಿನ ಕೆಲಸ.